ಹತ್ತಿದ ಗೇರಿನಲ್ಲೇ

ಡೆನ್ಜಿಲ್‌ಗೆ ಈಗ ಮಾಚೇನಹಳ್ಳಿಯಲ್ಲಿ ರಾತ್ರಿ ಪಾಳಿ.
ನನ್ನದು ಬೆಳಗಿನ ಆರೂವರೆಯ ಉಡುಪಿ ಮಿನಿ ಬಸ್ಸು.
ಅವನು ಹೊದ್ದು ಮಲಗುವ ಹೊತ್ತಿಗೆ ನಾನು ಮಂಡಗದ್ದೆ ದಾಟಿರುತ್ತೇನೆ,
ನಾನು ವಾಪಸು ಬರುವಾಗ ಅವನು
ಬುತ್ತಿ ಸಿಕ್ಕಿಸಿ ಬೈಕಿಗೆ ಒದೆಯುತ್ತಿರುತ್ತಾನೆ.

ಹೀಗಾಗಿ ಆಟೋ ಕಾಂಪ್ಲೆಕ್ಸಿನ ಈ ತಗಡಿನ ಶೆಡ್ಡಿನಲ್ಲಿ
ರಾತ್ರಿ ಎಂಟೂವರೆಗೆ
ನಾನು, ಮಿಣಮಿಣ ಅನ್ನುವ ಒಂದು ಟ್ಯೂಬ್‌ಲೈಟು,
ಮತ್ತು ನೂರಾ ಹತ್ತು ಕಿಲೋ.

ನೂರು ಎತ್ತಬಲ್ಲೆ. ನೂರಾ ಹತ್ತು ಆಗುವುದಿಲ್ಲ.
ಆದರೆ ಇಳಿಸಬಲ್ಲೆ.
ಎತ್ತಲಾಗದ್ದನ್ನೂ ತೋಳು
ಇಳಿಸಿಕೊಡುತ್ತದೆ,
ಅವಸರ ಮಾಡದೆ ಕೇಳಿದರೆ.

ಮೊದಲು ನನ್ನ ತಲೆಯ ಹತ್ತಿರ ಡೆನ್ಜಿಲ್ ನಿಲ್ಲುತ್ತಿದ್ದ,
ಸರಳಿನ ಅಡಿಗೆ ಎರಡು ಬೆರಳು ಕೊಟ್ಟು.
ಎರಡೇ ಬೆರಳು ಎಂದು ಅವನು,
ಅರ್ಧ ಭಾರ ಅವನದೇ ಎಂದು ನನ್ನ ಗುಮಾನಿ.
"ನಿಂದೇ ಕಣೋ, ಪೂರ್ತಿ ನಿಂದೇ, ನಾನು ಮುಟ್ಟೇ ಇಲ್ಲ"
ಅನ್ನುವನು, ಮುಖ ಕೆಂಪಗೆ ಮಾಡಿಕೊಂಡು.
ಆ ಒಂದು ಸುಳ್ಳಿನ ಮೇಲೆ
ನಾಲ್ಕು ವರ್ಷ ಎದೆ ಬೆಳೆಸಿದೆ.

ಈಗ ಅವನ ಜಾಗಕ್ಕೆ ಸವೆದ ಟೈರುಗಳು.
ಬೆಂಚಿನ ಎಡಕ್ಕೆ ಮೂರು, ಬಲಕ್ಕೆ ಮೂರು.
ಉಸಿರು ತುಂಬಿದ ಎದೆಗಿಂತ ಒಂದು ಬೆರಳು ತಗ್ಗು,
ಉಸಿರು ಬಿಟ್ಟರೆ ಒಂದು ಬೆರಳು ಎತ್ತರ.
ಈ ಎರಡು ಬೆರಳಿನ ಲೆಕ್ಕ ತಪ್ಪಿದರೆ
ಬೆಳಗ್ಗೆ ಪಕ್ಕದ ವೆಲ್ಡಿಂಗಿನ ಸಿರಾಜನೇ ಬಂದು
ನನ್ನನ್ನು ಬಿಡಿಸಬೇಕು.
ಟೈರು ಸುಳ್ಳು ಹೇಳುವುದಿಲ್ಲ.
"ಇನ್ನೊಂದು, ಇನ್ನೊಂದೇ" ಅಂತಲೂ ಅನ್ನುವುದಿಲ್ಲ.

ಆಗುಂಬೆಯ ನೆತ್ತಿಯಲ್ಲಿ ಮೊದಲ ಸಲ ಸ್ಟೇರಿಂಗ್ ಬಿಟ್ಟುಕೊಟ್ಟು
ಕೊರಗಪ್ಪಣ್ಣ ಎಲೆಯಡಿಕೆ ಹಾಕಿಕೊಂಡ. ಆಮೇಲೆ ಅಂದ:
"ಹತ್ತಿದ ಗೇರಿನಲ್ಲೇ ಇಳಿ ಮಾರಾಯ.
ಹತ್ತಿಸುವುದಕ್ಕೆ ಎಂಜಿನ್ ಉಂಟು.
ಇಳಿಸುವುದಕ್ಕೆ ನೀನೇ."

ಕೊಂಡಿಯಿಂದ ಸರಳು ಬಿಡಿಸುತ್ತೇನೆ.
ಒಂದನೆಯ ತಿರುವು: ಕೈ ನೇರ, ಇನ್ನೂ ಹೆಮ್ಮೆ.
ಎರಡು. ಮೂರು: ಮೊಣಕೈ ಮಡಚಿಕೊಳ್ಳುತ್ತದೆ,
ಎದುರಿನಿಂದ ಯಾರೋ ಹಾರ್ನ್ ಹೊಡೆದ ಹಾಗೆ ಕಿವಿಯಲ್ಲಿ.
ನಾಲ್ಕು: ಪ್ರಪಾತದ ಕಡೆ ನೋಡಬಾರದು.
ಐದು ಬರುವುದೇ ಇಲ್ಲ, ಎಷ್ಟು ಹೊತ್ತಾದರೂ.
ಆರರಲ್ಲಿ ಬ್ರೇಕು ಕಾದ ವಾಸನೆ,
ಹಿಂದಿನ ಸೀಟಿನಲ್ಲಿ ಮಗು ವಾಂತಿ, ತಾಯಿ ಕಿಟಕಿ ತೆರೆದದ್ದು
ಎಲ್ಲ ನೆನಪಾಗಿ

ಏಳು.
ಟೈರಿನ ಮೇಲೆ ಧಪ್ಪೆಂದು ಕೂರುತ್ತದೆ ಸರಳು.
ಹದಿನಾಲ್ಕು ತಿರುವಿನ ಘಾಟಿಯಲ್ಲಿ
ನನಗೆ ದಕ್ಕಿರುವುದು ಅರ್ಧ.

ಉಸಿರು ಬಿಟ್ಟು ಹಾವಿನ ಹಾಗೆ ಅಡಿಯಿಂದ ನುಸುಳಿ
ಒಂದೊಂದೇ ಪ್ಲೇಟು ಕಳಚಿ
ಬರಿ ಸರಳನ್ನು ಮತ್ತೆ ಕೊಂಡಿಗೇರಿಸಿ
ಮತ್ತೆ ಒಂದೊಂದೇ ಪ್ಲೇಟು ತೊಡಿಸಿ...
ಏಳು ಸೆಕೆಂಡಿನ ಇಳಿತಕ್ಕೆ ಐದು ನಿಮಿಷದ ಹಮಾಲಿ.
ರಾತ್ರಿಗೆ ನಾಲ್ಕು. ಐದನೆಯದಕ್ಕೆ ಆಸೆಪಟ್ಟ ದಿನ
ಮರುದಿನ ಗೇರ್ ಹಾಕಲು ಭುಜ ಒಲ್ಲೆ ಅಂದಿತ್ತು,
ಮೇಗರವಳ್ಳಿಯವರೆಗೂ ಮುಲುಕಾಡಿದೆ.

ಕಳೆದ ಗುರುವಾರ ಡೆನ್ಜಿಲ್‌ಗೆ ರಜೆ.
ಪೇಪರಿನಲ್ಲಿ ಸುತ್ತಿದ ಬೋಂಡ ಹಿಡಿದು ಬಂದ.
ಟೈರು ನೋಡಿದ, ಕಾಲಿನಿಂದ ಒದ್ದು ನೋಡಿದ,
"ನನಗಿಂತ ದಪ್ಪ ಇದಾವೆ" ಅಂದ.
ನಂತರ ಹಳೆಯ ಜಾಗದಲ್ಲೇ, ತಲೆಯ ಹತ್ತಿರ, ನಿಂತ.

ಮುಟ್ಟಬೇಡ ಅಂದೆ.
ಮುಟ್ಟಲ್ಲ ಅಂದ.

ಎಂಟು ಎಣಿಸಿದೆ ಅವತ್ತು.
ಎಂಟನೆಯ ತಿರುವಿನಲ್ಲಿ, ಕಣ್ಣಿಗಿಳಿದ ಬೆವರಿನ ನಡುವೆ,
ತಲೆಕೆಳಗಾಗಿ ಕಂಡ ಅವನು.
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.
ಮುಖ ಮಾತ್ರ
ಕೆಂಪಗಾಗಿತ್ತು.